ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್‌ಗಳಲ್ಲಿ ಇಂಜೆಕ್ಟರ್ ಬದಲಾವಣೆ

ಅಮೆರಿಕ ಮತ್ತು ಕೆನಡಾಗಳಲ್ಲಿ ದೋಣಿ, ಕುದುರೆ, ಕ್ಯಾಂಪರ್ ಮನೆ, ಮಣ್ಣು ಅಗೆಯುವ ಯಂತ್ರ ಮುಂತಾದವನ್ನು ಹೊತ್ತ ಟ್ರೇಲರ್‌ಗಳನ್ನು ಎಳೆಯಲು ದೊಡ್ಡ ಡೀಸೆಲ್ ಪಿಕಪ್‌ಗಳನ್ನು ಬಳಸುತ್ತಾರೆ. ಇವುಗಳ ಎಂಜಿನ್ನಿನಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗವೇ ಇಂಜೆಕ್ಟರ್. ಕಾರ್ಖಾನೆಯಿಂದ ಬಂದ ಇಂಜೆಕ್ಟರ್‌ಗಳನ್ನು ತೆಗೆದು ಹೆಚ್ಚು ಡೀಸೆಲ್ ಹರಿಸಬಲ್ಲವನ್ನು ಕೂರಿಸುವುದು ಆ ದೇಶಗಳಲ್ಲಿ ಒಂದು ದೊಡ್ಡ ಬಿಡಿಭಾಗ ವ್ಯಾಪಾರವಾಗಿಯೇ ಬೆಳೆದಿದೆ. ಹೆಚ್ಚು ಇಂಧನ ಹೋದರೆ ಹೆಚ್ಚು ಬಲ ಬರುತ್ತದೆ, ಬಲ ಬಂದರೆ ಭಾರ ಎಳೆಯುವುದು ಹಗುರವಾಗುತ್ತದೆ ಎಂಬುದು ಅದರ ಹಿಂದಿರುವ ಲೆಕ್ಕ. ಸ್ಪರ್ಧೆಗೆ ಇಳಿಯುವ ಗಾಡಿಗೆ ಈ ಲೆಕ್ಕ ಒಪ್ಪುತ್ತದೆ. ಅರ್ಧ ಗಂಟೆ ಬಿಡದೆ ಘಟ್ಟ ಹತ್ತಬೇಕಾದ ಗಾಡಿಗೆ ಒಪ್ಪುವುದು ಕಡಿಮೆ. ಅಲ್ಲಿ ಮೊದಲು ಮುಗಿದುಹೋಗುವುದು ಗಾಳಿ ಮತ್ತು ಬಿಸಿ ಹೊರಹಾಕುವ ಸಾಮರ್ಥ್ಯ. ಡೀಸೆಲ್ ಕೊರತೆ ಬರುವುದು ಅವೆರಡರ ನಂತರ. ಹಾಗಾಗಿ ಎಳೆಯುವ ಪಿಕಪ್‌ನ ಇಂಜೆಕ್ಟರ್ ಎಷ್ಟು ಸುರಿಯುತ್ತದೆ ಎಂಬುದಕ್ಕಿಂತ ಎಷ್ಟು ಸಮನಾಗಿ, ಯಾವ ಹೊತ್ತಿನಲ್ಲಿ, ಎಷ್ಟು ನಯವಾಗಿ ಸಿಂಪಡಿಸುತ್ತದೆ ಎಂಬುದೇ ಮುಖ್ಯ. ಈ ಲೇಖನದ ವಾದ ಇದು.

ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಕಟ್ಟಿದ ಎಂಜಿನ್ನುಗಳು ಸಂಕುಚಿತ ಗಾಳಿಯ ನೆರವಿನಿಂದ ಇಂಧನವನ್ನು ಊದಿ ಒಳಕಳಿಸುತ್ತಿದ್ದವು. ಅದಕ್ಕೆ ಬೇಕಾದ ಕಂಪ್ರೆಸರ್ ಭಾರವಾದದ್ದು, ರಸ್ತೆ ವಾಹನಕ್ಕೆ ಹೊಂದುವಂಥದ್ದಲ್ಲ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ಸರಣಿಯಾಗಿ ತಯಾರಿಸತೊಡಗಿದ ಮೇಲೆ ಲಾರಿಗಳಿಗೆ ಡೀಸೆಲ್ ಬಂದಿತು. ಅಮೆರಿಕದ ಪಿಕಪ್ ಜಗತ್ತಿನಲ್ಲಿ ತಿರುವು ಬಂದದ್ದು 1989ರ ಮಾದರಿಯ ಡಾಜ್ ಗಾಡಿಯಲ್ಲಿ ಕಮಿನ್ಸ್‌ನ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂತಾಗ. ಅದರ ಶಕ್ತಿ 160 ಅಶ್ವಶಕ್ತಿ, ತಿರುಚುಬಲ ಸುಮಾರು 540 ನ್ಯೂಟನ್ ಮೀಟರ್. ಆರಂಭದ ವರ್ಷಗಳಲ್ಲಿ ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಇರಲಿಲ್ಲ. 1994ರ ಸುಮಾರಿಗೆ ಫೋರ್ಡ್ 7.3 ಲೀಟರಿನ ಪವರ್ ಸ್ಟ್ರೋಕ್ ತಂದಿತು. ಅದರ ಇಂಜೆಕ್ಟರನ್ನು ಎಂಜಿನ್ ಆಯಿಲಿನ ಒತ್ತಡವೇ ನಡೆಸುತ್ತದೆ: ಆಯಿಲ್ ಒತ್ತಡ ಒಳಗಿನ ಪಿಸ್ಟನ್ನಿನ ಮೇಲೆ ಬಿದ್ದು ಏಳು ಪಟ್ಟು ಹೆಚ್ಚಾಗಿ ಡೀಸೆಲ್‌ಗೆ ದಾಟುತ್ತದೆ. 2001ರ ಮಾದರಿಯಲ್ಲಿ ಜನರಲ್ ಮೋಟರ್ಸ್ ಮತ್ತು ಇಸುಝು ಸೇರಿ 6.6 ಲೀಟರಿನ ಡ್ಯೂರಾಮ್ಯಾಕ್ಸ್ ಕೊಟ್ಟವು. ಅದರಲ್ಲಿ ಬಾಷ್‌ನ ಕಾಮನ್ ರೇಲ್ ವ್ಯವಸ್ಥೆ (ಇಂಜೆಕ್ಟರುಗಳಿಗೆಲ್ಲ ಹಂಚಿಕೆಯ ಒತ್ತಡದ ಕೊಳವೆಯಿಂದ, ಅಂದರೆ ರೇಲಿನಿಂದ, ಡೀಸೆಲ್ ಕೊಡುವುದು), 1,600 ಬಾರ್ ಆಸುಪಾಸಿನ ಒತ್ತಡ. ಕಮಿನ್ಸ್ 2003ರಲ್ಲಿ ಕಾಮನ್ ರೇಲ್‌ಗೆ ಬಂದಿತು. ಈ ಎಂಜಿನ್ನುಗಳನ್ನು ಒಂದೇ ಗುಂಪಿಗೆ ಸೇರಿಸಿ ಇಂಜೆಕ್ಟರ್ ಬದಲಿಸಿದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದೇ ತಪ್ಪು. ಮೊದಲ ಕಮಿನ್ಸ್‌ನಂತಹ ಹಳೆಯ ಯಾಂತ್ರಿಕ ಎಂಜಿನ್ನು ಬೇಕೆಂದೇ ಕಡಿಮೆ ಶಕ್ತಿಗೆ ಹೊಂದಿಸಿದ್ದು, ಅದರ ಗಟ್ಟಿತನಕ್ಕೆ ಹೋಲಿಸಿದರೆ ಇಂಧನ ನಿಜಕ್ಕೂ ಕಡಿಮೆ. ಅದಕ್ಕೆ ಸ್ವಲ್ಪ ದೊಡ್ಡ ನಾಜಲ್ (ಇಂಜೆಕ್ಟರಿನ ಸಿಂಪಡಿಸುವ ತುದಿ) ಮತ್ತು ಇಂಟರ್‌ಕೂಲರ್ ಹಾಕಿದವರು ದುಡ್ಡು ಹಾಳುಮಾಡಿಕೊಂಡರು ಎಂದು ಹೇಳಲಾಗದು. ಮುಂದಿನ ಮಾತೆಲ್ಲ ಹೆಚ್ಚಾಗಿ ಕಾಮನ್ ರೇಲ್ ಗಾಡಿಗಳಿಗೆ ಅನ್ವಯಿಸುತ್ತದೆ.

ಕಾಮನ್ ರೇಲ್ ಇಂಜೆಕ್ಟರ್ ಎಷ್ಟು ಸೂಕ್ಷ್ಮ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. 300 ಅಶ್ವಶಕ್ತಿಯ ಡ್ಯೂರಾಮ್ಯಾಕ್ಸ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು 50 ಕಿಲೋ ಡೀಸೆಲ್ ಉರಿಸುತ್ತದೆ ಎನ್ನೋಣ. ಎಂಟು ಸಿಲಿಂಡರುಗಳಲ್ಲಿ ಆ ಒಂದು ಗಂಟೆಯಲ್ಲಿ 7,20,000 ಸಲ ಸಿಂಪಡಣೆ ನಡೆಯುತ್ತದೆ. ಭಾಗಿಸಿದರೆ ಪ್ರತಿ ಸಲಕ್ಕೆ ಸುಮಾರು 80 ಘನ ಮಿಲಿಮೀಟರ್, ಅಂದರೆ ಎರಡು ಮೂರು ಹನಿಯಷ್ಟು. ಅದು ಹೊರಬೀಳಲು ಸಿಗುವ ಕಾಲ ಒಂದೂವರೆ ಮಿಲಿಸೆಕೆಂಡಿನ ಆಸುಪಾಸು. ಆ ವೇಗದಲ್ಲಿ ಕ್ರ್ಯಾಂಕ್ ಅಷ್ಟರೊಳಗೆ 27 ಡಿಗ್ರಿ ತಿರುಗಿರುತ್ತದೆ. ನಾಜಲ್ ತುದಿಯಲ್ಲಿರುವ ತೂತುಗಳ ವ್ಯಾಸ ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟು, ಒಳಗೆ ಜಾರುವ ಸೂಜಿಗೂ ಅದರ ಗೋಡೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಈ ತೂತುಗಳ ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹಿಗ್ಗಿಸಿದರೆ ವಿಸ್ತೀರ್ಣ ನೂರಕ್ಕೆ 21ರಷ್ಟು ಹಿಗ್ಗುತ್ತದೆ, ಹರಿವೂ ಬಹುಮಟ್ಟಿಗೆ ಅಷ್ಟೇ ಏರುತ್ತದೆ. ಒತ್ತಡದಿಂದ ಅಷ್ಟೇ ಹರಿವು ಪಡೆಯಬೇಕಾದರೆ ರೇಲ್ ಒತ್ತಡವನ್ನು ಸುಮಾರು ಒಂದೂವರೆ ಪಟ್ಟು ಮಾಡಬೇಕು, ಏಕೆಂದರೆ ಹರಿವು ಒತ್ತಡದ ವರ್ಗಮೂಲದಂತೆ ಮಾತ್ರ ಬೆಳೆಯುತ್ತದೆ. ತೂತು ಹಿಗ್ಗಿಸುವುದೇ ಸುಲಭ ದಾರಿ ಎಂದು ಮಾರುಕಟ್ಟೆಗೆ ತೋರಿದ್ದು ಇದಕ್ಕೇ. ವಿದ್ಯುತ್ ಕಿಡಿಯಿಂದ ಹೊಸದಾಗಿ ಕೊರೆಯುವುದು ಒಂದು ವಿಧಾನ. ಸಾಣೆ ಪುಡಿ ಬೆರೆಸಿದ ಗಟ್ಟಿ ದ್ರವವನ್ನು ಒತ್ತಡದಿಂದ ತೂರಿಸಿ ಇರುವ ತೂತನ್ನೇ ಉಜ್ಜಿ ದೊಡ್ಡದು ಮಾಡುವುದು ಇನ್ನೊಂದು. ಎರಡನೆಯದರಲ್ಲಿ ತೂತಿನ ಒಳಬಾಯಿಯ ಅಂಚು ದುಂಡಾಗಿ ಹರಿವು ನಯವಾಗುತ್ತದೆ, ಆದರೆ ಎಂಟೂ ನಾಜಲ್‌ಗಳು ಒಂದೇ ಅಳತೆಗೆ ಬರುವುದು ಕೆಲಸಗಾರನ ಎಚ್ಚರಿಕೆಯನ್ನು ಅವಲಂಬಿಸಿದೆ.

ದೊಡ್ಡ ನಾಜಲ್ ಪರವಾದ ವಾದಗಳಲ್ಲಿ ಒಂದು ತಳ್ಳಿಹಾಕುವಂಥದ್ದಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿಯುತ್ತ ದೂರ ಹೋದ ಮೇಲೆ ಬೀಳುವ ಇಂಧನ ಕೆಲಸಕ್ಕೆ ಬರುವುದಿಲ್ಲ, ಬಿಸಿಯಾಗಿ ಸೈಲೆನ್ಸರಿನತ್ತ ಹೋಗುತ್ತದೆ. ಸಣ್ಣ ನಾಜಲ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಸಿಂಪಡಣೆಯ ಅವಧಿಯನ್ನು 2.4 ಮಿಲಿಸೆಕೆಂಡಿಗೆ ಎಳೆದರೆ, 3,000 ಸುತ್ತಿನಲ್ಲಿ ಅದು 43 ಡಿಗ್ರಿಯವರೆಗೆ ಚಾಚುತ್ತದೆ. ಅದೇ ಪ್ರಮಾಣವನ್ನು ದೊಡ್ಡ ನಾಜಲ್ ಬೇಗ ಮುಗಿಸುತ್ತದೆ, ಎಕ್ಸಾಸ್ಟ್ ಬಿಸಿ ಇಳಿಯುತ್ತದೆ. ಈ ತರ್ಕ ಸರಿಯಾಗಿಯೇ ಇದೆ. ಆದರೆ ಅದರ ಷರತ್ತನ್ನು ಗಮನಿಸಬೇಕು: ಇಂಧನದ ಪ್ರಮಾಣ ಅಷ್ಟೇ ಇರಬೇಕು. ಕಾರ್ಖಾನೆಯ ಶಕ್ತಿಯಲ್ಲೇ ಓಡುವ ಗಾಡಿಯ ಸಿಂಪಡಣೆ ಎಳೆತದ ವೇಗದಲ್ಲಿ ಆಗಲೇ ಸಾಕಷ್ಟು ಬೇಗ ಮುಗಿಯುತ್ತಿರುವುದರಿಂದ ಅಲ್ಲಿ ಗಳಿಕೆ ಅಲ್ಪ. ಶಕ್ತಿಯನ್ನು ಮೀರಿ ಏರಿಸಿದವನಿಗೆ ಮಾತ್ರ ಅದು ನಿಜವಾದ ಲಾಭ. ಅವನು ಆಗ ಉರಿಸುವುದು ಹೆಚ್ಚು ಇಂಧನ, ಹಾಗಾಗಿ ಒಟ್ಟು ಬಿಸಿ ಇಳಿಯುವ ಮಾತಿಲ್ಲ. ಇದರ ಜೊತೆಗೆ, ತೂತು ದೊಡ್ಡದಾದಷ್ಟೂ ಹನಿಗಳು ದಪ್ಪವಾಗುತ್ತವೆ, ಗಾಳಿಯೊಂದಿಗೆ ಬೆರೆಯುವುದು ನಿಧಾನವಾಗುತ್ತದೆ. ಹಗುರವಾಗಿ ಓಡುವಾಗ ಒಂದೆರಡು ಘನ ಮಿಲಿಮೀಟರಿನ ಮುಂಗಡ ಸಿಂಪಡಣೆಯನ್ನು ಹಿಡಿತದಲ್ಲಿಡುವುದೂ ಕಷ್ಟ. ಆ ಪುಟ್ಟ ಸಿಂಪಡಣೆಯೇ ಕಾಮನ್ ರೇಲ್ ಎಂಜಿನ್ನಿನ ಸದ್ದು ಇಳಿಸಿದ್ದು. ವರ್ಷದಲ್ಲಿ ಹತ್ತು ದಿನ ಟ್ರೇಲರ್ ಕಟ್ಟಿ ಉಳಿದ ದಿನ ಖಾಲಿ ಓಡಾಡುವ ಮಾಲೀಕ ಈ ಹಳೆಯ ಕಟಕಟ ಸದ್ದನ್ನು ಪ್ರತಿ ಬೆಳಿಗ್ಗೆ ಕೇಳಬೇಕಾಗುತ್ತದೆ.

ಅಷ್ಟಕ್ಕೂ ಎಳೆಯಲು ಎಷ್ಟು ಶಕ್ತಿ ಬೇಕು? ಗಾಡಿ ಮತ್ತು ಟ್ರೇಲರ್ ಸೇರಿ 6.8 ಟನ್, ನೂರು ಮೀಟರಿಗೆ ಆರು ಮೀಟರಿನ ಏರು, ಗಂಟೆಗೆ 88 ಕಿ.ಮೀ. ವೇಗ ಎಂದು ಇಟ್ಟುಕೊಳ್ಳೋಣ. ಏರನ್ನು ಹತ್ತಲು ಸುಮಾರು 4,000 ನ್ಯೂಟನ್ ಎಳೆತ, ಟೈರುಗಳ ಉರುಳು ತಡೆಗೆ 700ರಷ್ಟು, ಎತ್ತರದ ಟ್ರೇಲರ್ ಗಾಳಿಯನ್ನು ಸೀಳಲು 1,400ರಷ್ಟು. ಕೂಡಿಸಿ ವೇಗದಿಂದ ಗುಣಿಸಿದರೆ ಚಕ್ರದಲ್ಲಿ 150 ಕಿಲೋವ್ಯಾಟ್. ಗೇರ್‌ಬಾಕ್ಸ್ ಮತ್ತು ಆಕ್ಸಲ್ ತಿನ್ನುವುದನ್ನು ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು 175 ಕಿಲೋವ್ಯಾಟ್, ಅಂದರೆ 235 ಅಶ್ವಶಕ್ತಿ. 2001ರ ಡ್ಯೂರಾಮ್ಯಾಕ್ಸ್‌ನ ಶಕ್ತಿ 300. ಅಮೆರಿಕದ ಬಹುತೇಕ ಹೆದ್ದಾರಿಗಳಲ್ಲಿ ಇದಕ್ಕಿಂತ ಕಡಿದಾದ ಉದ್ದನೆಯ ಏರು ಕಡಿಮೆ. ಎಳೆತದ ಸಾಮರ್ಥ್ಯವನ್ನು ಅಳೆಯುವ ಅಲ್ಲಿನ ಎಸ್‌ಎಇ ಜೆ2807 ಮಾನದಂಡ ಅರಿಝೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ, ಬುಡದಲ್ಲಿ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದಾಗ, ಎಸಿ ಹಾಕಿಕೊಂಡು ಹತ್ತಬೇಕೆನ್ನುತ್ತದೆ; ಆದರೆ ಕೇಳುವ ಕನಿಷ್ಠ ವೇಗ ಗಂಟೆಗೆ 64 ಕಿ.ಮೀ., ಹಿಂದೆ ಜೋಡಿ ಚಕ್ರವಿರುವ ಗಾಡಿಗೆ 56. ಆ ಪರೀಕ್ಷೆ ವೇಗಕ್ಕಿಂತ ತಣಿಸುವಿಕೆಯನ್ನೇ ಹೆಚ್ಚು ಪರೀಕ್ಷಿಸುತ್ತದೆ. ಇದು ಸಹಜವೇ. ಮೇಲಿನ ಲೆಕ್ಕದ 175 ಕಿಲೋವ್ಯಾಟ್ ಕೊಡಲು ಎಂಜಿನ್ ಉರಿಸುವ ಡೀಸೆಲಿನ ಶಾಖ ಸುಮಾರು 445 ಕಿಲೋವ್ಯಾಟ್. ಅದರ ಕಾಲು ಭಾಗದಷ್ಟನ್ನು ರೇಡಿಯೇಟರ್ ಹೊರಹಾಕಬೇಕು, ಅದೂ ನಿಧಾನ ವೇಗದಲ್ಲಿ, ಎದುರು ಗಾಳಿ ಕಡಿಮೆ ಇರುವಾಗ. ಇಂಜೆಕ್ಟರ್ ದೊಡ್ಡದಾದರೂ ರೇಡಿಯೇಟರ್ ಅದೇ.

ಇನ್ನು ಗಾಳಿಯ ವಿಚಾರ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಪುಸ್ತಕದ ಲೆಕ್ಕದಲ್ಲಿ ಹದಿನಾಲ್ಕೂವರೆ ಗ್ರಾಂ ಗಾಳಿ ಸಾಕು, ಆದರೆ ಸಿಲಿಂಡರಿನೊಳಗೆ ಬೆರಕೆ ಎಂದೂ ಪರಿಪೂರ್ಣವಾಗದ ಕಾರಣ ಹೊಗೆಯಿಲ್ಲದೆ ಉರಿಯಬೇಕಾದರೆ ಇಪ್ಪತ್ತರ ಹತ್ತಿರ ಬೇಕು. ಮೇಲೆ ಹೇಳಿದ 80 ಘನ ಮಿಲಿಮೀಟರ್ ಡೀಸೆಲ್‌ಗೆ 1.4 ಗ್ರಾಂನಷ್ಟು ಗಾಳಿ. ಡ್ಯೂರಾಮ್ಯಾಕ್ಸ್‌ನ ಒಂದು ಸಿಲಿಂಡರ್ ತಾನಾಗಿ ಉಸಿರೆಳೆದರೆ ಕಡಲ ಮಟ್ಟದಲ್ಲೂ ಅದರೊಳಗೆ ಹಿಡಿಸುವುದು ಒಂದು ಗ್ರಾಂಗಿಂತ ಕಡಿಮೆ. ಉಳಿದದ್ದನ್ನು ಟರ್ಬೊ ತುಂಬಬೇಕು. ನೂರಕ್ಕೆ ಮೂವತ್ತು ಹೆಚ್ಚು ಹರಿಸುವ ಇಂಜೆಕ್ಟರನ್ನು ಪೂರ್ತಿ ಬಳಸಿದರೆ 1.8 ಗ್ರಾಂ ಬೇಕು. ಬಯಲಿನಲ್ಲಿ ಕಾರ್ಖಾನೆಯ ಟರ್ಬೊ ಇದನ್ನು ಹೇಗೋ ತೂಗಿಸೀತು. ಕೊಲರಾಡೊದಲ್ಲಿ ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟದ ನೂರಕ್ಕೆ ಎಪ್ಪತ್ತರಷ್ಟು. ಟ್ರೇಲರ್ ಕಟ್ಟಿದ ಪಿಕಪ್‌ಗೆ ಬಲ ಅತಿ ಹೆಚ್ಚು ಬೇಕಾಗುವ ಜಾಗವೂ ಅಂಥದ್ದೇ, ಗಾಳಿ ಅತಿ ಕಡಿಮೆ ಸಿಗುವ ಜಾಗವೂ ಅಂಥದ್ದೇ. ಊದುಕೊಳವೆ ಹಿಡಿಯದೆ ಒಲೆಗೆ ಸೌದೆ ತುರುಕಿದರೆ ಅಡುಗೆಮನೆ ತುಂಬ ಹೊಗೆಯಾಗುವಂತೆ, ಗಾಳಿ ಸಾಲದ ಸಿಲಿಂಡರಿಗೆ ಸುರಿದ ಡೀಸೆಲ್ ಕಪ್ಪು ಹೊಗೆಯೂ ಎಕ್ಸಾಸ್ಟ್ ಬಿಸಿಯೂ ಆಗುತ್ತದೆ. ಟರ್ಬೊಗಿಂತ ಮುಂಚಿನ ಕೊಳವೆಯಲ್ಲಿ ಅಳೆದ ಬಿಸಿ ಹೆಚ್ಚು ಹೊತ್ತು 700 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಈ ಗಾಡಿಗಳವರ ರೂಢಿಯ ಮಿತಿ. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ 600 ಡಿಗ್ರಿಗೂ ಮುಂಚೆಯೇ ಕರಗತೊಡಗುತ್ತದೆ. ಅದು ಉಳಿಯುವುದು ಉರಿ ಬಿಟ್ಟುಬಿಟ್ಟು ತಾಗುವುದರಿಂದ ಮತ್ತು ಕೆಳಗಿನಿಂದ ಆಯಿಲ್ ಚಿಮ್ಮುವುದರಿಂದ. ಸ್ಪರ್ಧೆಯ ಗಾಡಿ ಹತ್ತು ಸೆಕೆಂಡು ಈ ಮಿತಿ ಮೀರಿ ಬದುಕುತ್ತದೆ. ಘಟ್ಟ ಹತ್ತುವ ಗಾಡಿಗೆ ಆ ರಿಯಾಯಿತಿ ಇಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದೂ ಬಲವಾದದ್ದೇ. ಕಮಿನ್ಸ್ ತನ್ನ 5.9 ಲೀಟರಿನ ಅದೇ ಕುಟುಂಬದ ಎಂಜಿನ್ನನ್ನು ದೋಣಿಗಳಿಗೆ 480 ಅಶ್ವಶಕ್ತಿಯಲ್ಲಿ ಮಾರಿದೆ. ಪಿಕಪ್‌ನಲ್ಲಿ 325ಕ್ಕೆ ನಿಲ್ಲಿಸಿದ್ದು ಬರೀ ಜಾಗ್ರತೆ ಅಥವಾ ವ್ಯಾಪಾರದ ಲೆಕ್ಕ ಎನ್ನುತ್ತಾರೆ. ಕಬ್ಬಿಣದ ಆ ಎಂಜಿನ್ನು ಹೆಚ್ಚು ತಡೆಯುತ್ತದೆ ಎಂಬುದು ನಿಜ. ಆದರೆ ದೋಣಿಯ ಎಂಜಿನ್ ಕೆರೆಯಲ್ಲೋ ಸಮುದ್ರದಲ್ಲೋ ಮುಗಿಯದಷ್ಟು ತಣ್ಣೀರಿನ ಮೇಲೆ ತೇಲುತ್ತಿರುತ್ತದೆ. ಟರ್ಬೊದಿಂದ ಬಿಸಿಯಾದ ಗಾಳಿಯನ್ನು ಆ ನೀರೇ ತಣಿಸುತ್ತದೆ. ದಿನಕ್ಕೆ ಎಷ್ಟು ಹೊತ್ತು ಪೂರ್ತಿ ಶಕ್ತಿಯಲ್ಲಿ ಓಡಿಸಬಹುದೆಂಬುದಕ್ಕೂ ತಯಾರಕರ ನಿಬಂಧನೆ ಇರುತ್ತದೆ. ಅಂಕಿಯನ್ನು ಮಾತ್ರ ಎತ್ತಿಕೊಂಡು ತಣಿಸುವ ನೀರನ್ನು ಅಲ್ಲೇ ಬಿಟ್ಟು ಬರುವುದು ವಾದಕ್ಕೆ ಚೆನ್ನಾಗಿರಬಹುದು, ಪಿಸ್ಟನ್ನಿಗೆ ಚೆನ್ನಾಗಿರದು. ಮೈಲೇಜ್ ಹೆಚ್ಚುತ್ತದೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಹದಗೆಟ್ಟ ಇಂಜೆಕ್ಟರ್ ತೆಗೆದು ಹೊಸದು ಹಾಕಿದವರಿಗೆ ಮೈಲೇಜ್ ಏರಬಹುದು, ಆದರೆ ಅದರ ಶ್ರೇಯಸ್ಸು ಹೊಸತನಕ್ಕೆ ಸಲ್ಲಬೇಕು, ದೊಡ್ಡತನಕ್ಕಲ್ಲ.

ಹೊಸತನದ ಬೆಲೆ ಗೊತ್ತಾಗಲು ಮೊದಲ ಡ್ಯೂರಾಮ್ಯಾಕ್ಸ್‌ನ ಚರಿತ್ರೆ ಸಾಕು. 2001ರಿಂದ 2004ರವರೆಗಿನ ಎಲ್‌ಬಿ7 ಎಂಬ ಆ ಎಂಜಿನ್ನಿನಲ್ಲಿ ಇಂಜೆಕ್ಟರ್‌ಗಳು ಸೋರತೊಡಗಿ, ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುವುದು, ನಿಂತಲ್ಲಿ ಬಿಳಿ ಹೊಗೆ, ಸ್ಟಾರ್ಟ್ ಆಗಲು ತೊಂದರೆ ಸಾಮಾನ್ಯವಾಯಿತು. ತಯಾರಕರು ಇಂಜೆಕ್ಟರ್‌ಗಳ ವಾರಂಟಿಯನ್ನು ಏಳು ವರ್ಷ ಅಥವಾ ಎರಡು ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು. ಅವು ವಾಲ್ವ್ ಕವರಿನ ಒಳಗೆ ಕೂತಿದ್ದರಿಂದ ಬದಲಿಸುವುದೂ ದೊಡ್ಡ ಕೆಲಸ. ಮುಂದಿನ ಮಾದರಿಯಲ್ಲಿ ಹೊರಗೆ ತಂದರು. ಒಂದು ಇಂಜೆಕ್ಟರ್ ಉಳಿದವುಗಳಿಗಿಂತ ಹೆಚ್ಚು ಸುರಿದರೆ ಆ ಒಂದು ಸಿಲಿಂಡರ್ ತನ್ನ ಪಾಲಿನ ಗಾಳಿಯನ್ನು ಮೀರಿ ಉರಿಸುತ್ತದೆ. ಎಲ್ಲ ಸಿಲಿಂಡರುಗಳ ಹೊಗೆ ಕೂಡುವಲ್ಲಿ ಇಟ್ಟ ಮಾಪಕ 680 ಡಿಗ್ರಿ ತೋರಿಸುವಾಗ ಅದೊಂದರ ಬಿಸಿ ಎಷ್ಟು ಮೇಲಿದೆ ಎಂದು ಡ್ರೈವರಿಗೆ ತಿಳಿಯುವುದೇ ಇಲ್ಲ. ಎಳೆಯುವ ಗಾಡಿಗಳಲ್ಲಿ ಒಂದೇ ಪಿಸ್ಟನ್ ಸುಟ್ಟು ಉಳಿದ ಏಳು ಚೆನ್ನಾಗಿರುವ ಪ್ರಕರಣಗಳಿಗೆ ಇದೇ ಸಾಮಾನ್ಯ ಕಾರಣ. ಗಾಡಿಯ ಕಂಪ್ಯೂಟರ್ ಐಡಲ್‌ನಲ್ಲಿ ಪ್ರತಿ ಸಿಲಿಂಡರಿಗೂ ಎಷ್ಟು ಕೂಡಿಸಿ ಎಷ್ಟು ಕಳೆದು ಸಮತೂಕ ತರುತ್ತಿದೆ ಎಂಬುದನ್ನು ಸ್ಕ್ಯಾನರಿನಲ್ಲಿ ನೋಡಬಹುದು. ರಿಟರ್ನ್ ಪೈಪಿನಿಂದ ವಾಪಸು ಬರುವ ಡೀಸೆಲನ್ನು ಇಂಜೆಕ್ಟರ್‌ವಾರು ಅಳೆದರೆ ಒಳಸೋರಿಕೆ ಬಯಲಾಗುತ್ತದೆ. ಹಾಗಾಗಿ ಭಾರ ಎಳೆಯುವ ಗಾಡಿಗೆ ಅತ್ಯುತ್ತಮ ಇಂಜೆಕ್ಟರ್ ಬದಲಾವಣೆ ಎಂದರೆ ಕಾರ್ಖಾನೆಯ ಹರಿವಿನದ್ದೇ, ಒಂದಕ್ಕೊಂದು ಹತ್ತಿರ ಹೊಂದಿಸಿದ ಹೊಸ ಸೆಟ್ಟು. ಅದಕ್ಕೂ ಮೇಲೆ ಹೋಗಲೇಬೇಕೆಂದವರಿಗೆ ಹತ್ತು ಹದಿನೈದು ಶೇಕಡಾ ಹಿಗ್ಗಿದ ನಾಜಲ್ ಮಿತಿ ಎಂದು ನನ್ನ ತೀರ್ಮಾನ, ಅದೂ ಟರ್ಬೊ ದೊಡ್ಡದು ಮಾಡಿದ ಮೇಲೆ. ಮೊದಲು ಟರ್ಬೊ, ಆಮೇಲೆ ಇಂಜೆಕ್ಟರ್. ಜನ ಸಾಮಾನ್ಯವಾಗಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಇಂಜೆಕ್ಟರ್ ಒಂಟಿಯಾಗಿ ದುಡಿಯುವ ಭಾಗವೂ ಅಲ್ಲ. ಹರಿವು ಹೆಚ್ಚಿದರೆ ರೇಲ್ ತುಂಬಿಸುವ ಪಂಪ್ ಅದಕ್ಕೆ ಸಾಕಾಗಬೇಕು. ಸಾಲದಿದ್ದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ರೇಲ್ ಒತ್ತಡ ಕುಸಿದು, ಹನಿ ಇನ್ನೂ ದಪ್ಪವಾಗುತ್ತದೆ. ಎಲ್‌ಬಿ7 ಗಾಡಿಗೆ ಟ್ಯಾಂಕಿನಿಂದ ಡೀಸೆಲ್ ತಳ್ಳುವ ಲಿಫ್ಟ್ ಪಂಪೇ ಇರಲಿಲ್ಲ, ಮುಖ್ಯ ಪಂಪೇ ಎಳೆದುಕೊಳ್ಳಬೇಕಿತ್ತು. ಲಿಫ್ಟ್ ಪಂಪ್ ಮತ್ತು ಒಳ್ಳೆಯ ಫಿಲ್ಟರ್ ಹಾಕುವುದು ಹಾಗಾಗಿ ಕಡಿಮೆ ಖರ್ಚಿನ, ಹೆಚ್ಚು ಉಪಯೋಗದ ಕೆಲಸ. 2011ರ ನಂತರದ ಕೆಲವು ಗಾಡಿಗಳಲ್ಲಿರುವ ಬಾಷ್ ಸಿಪಿ4 ಪಂಪ್ ಒಳಗೆ ಸವೆದರೆ ಲೋಹದ ಚೂರು ರೇಲ್‌ಗೂ ಎಲ್ಲ ಇಂಜೆಕ್ಟರ್‌ಗಳಿಗೂ ಹರಡುತ್ತದೆ. ಅಂಥ ಗಾಡಿಯಲ್ಲಿ ಇಂಜೆಕ್ಟರ್‌ಗಿಂತ ಮೊದಲು ಪಂಪಿನ ಚಿಂತೆ ಮಾಡಬೇಕು. ಎಂಜಿನ್ ಕಂಪ್ಯೂಟರಿಗೂ ನಾಜಲ್ ಬದಲಾದದ್ದು ತಿಳಿಯುವುದಿಲ್ಲ. ಅದು ಹಳೆಯ ನಾಜಲ್‌ನ ಲೆಕ್ಕದಲ್ಲೇ ಹೊತ್ತು ಗೊತ್ತುಮಾಡಿ, ತಾನು 60 ಘನ ಮಿಲಿಮೀಟರ್ ಕೊಟ್ಟೆ ಎಂದುಕೊಂಡು 75 ಕೊಟ್ಟಿರುತ್ತದೆ. ಗೇರ್‌ಬಾಕ್ಸ್ ಆ ತಪ್ಪು ಲೆಕ್ಕವನ್ನೇ ನಂಬಿ ಕ್ಲಚ್ಚುಗಳನ್ನು ಹಿಡಿಯುವ ಒತ್ತಡ ನಿರ್ಧರಿಸುತ್ತದೆ. ಡ್ಯೂರಾಮ್ಯಾಕ್ಸ್ ಜೊತೆಗೆ ಬರುವ ಅಲಿಸನ್ 1000 ಗಟ್ಟಿಯಾದ ಗೇರ್‌ಬಾಕ್ಸೇ, ಆದರೂ ಟ್ರೇಲರ್ ಎಳೆಯುವಾಗ ಕ್ಲಚ್ ಜಾರಿದರೆ ಅದು ಗಾಡಿಯನ್ನು ಕುಂಟುವ ಸ್ಥಿತಿಗೆ ತಳ್ಳುತ್ತದೆ. ನಾಜಲ್ ಬದಲಿಸಿದವರು ಕಂಪ್ಯೂಟರಿನ ಲೆಕ್ಕವನ್ನೂ ಬದಲಿಸಬೇಕೆನ್ನುವುದು ಇದಕ್ಕೇ.

ಕನ್ನಡನಾಡಿಗೆ ಈ ವಿದ್ಯೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಲಾರಿ, ಟ್ರ್ಯಾಕ್ಟರುಗಳ ಯಾಂತ್ರಿಕ ಇಂಜೆಕ್ಟರನ್ನು ಕೈಪಂಪಿನ ಟೆಸ್ಟರಿಗೆ ಕಟ್ಟಿ, ಎಷ್ಟು ಒತ್ತಡಕ್ಕೆ ಬಾಯಿ ಬಿಡುತ್ತದೆ, ಸಿಂಪಡಣೆ ಮಂಜಿನಂತಿದೆಯೇ, ತುದಿಯಲ್ಲಿ ಹನಿ ನಿಲ್ಲುತ್ತದೆಯೇ ಎಂದು ನೋಡುವ ಪಂಪ್ ಸರ್ವಿಸ್ ಅಂಗಡಿಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಕಾಮನ್ ರೇಲ್ ಇಂಜೆಕ್ಟರಿಗೆ ಆ ಕಣ್ಣಳತೆ ಸಾಲದು. ವಿದ್ಯುತ್ ಸಂಕೇತ ಕೊಟ್ಟು ಬೇರೆ ಬೇರೆ ಒತ್ತಡದಲ್ಲಿ ಅಳೆಯುವ ಬೆಂಚ್ ಬೇಕು. ಮಾರಾಟಗಾರರು ಸೆಟ್ಟಿನ ಜೊತೆಗೆ ಆ ಬೆಂಚಿನ ಅಂಕಿಪಟ್ಟಿ ಕೊಡದಿದ್ದರೆ ಅದನ್ನು ಹೊಂದಿಸಿದ ಸೆಟ್ಟು ಎಂದು ಕರೆಯಲು ಆಧಾರವಿಲ್ಲ.

ಕಾನೂನಿನ ಮಗ್ಗುಲೂ ಇದೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆ ಹೊಗೆ ನಿಯಂತ್ರಣ ಸಾಧನಗಳನ್ನು ತಿದ್ದುವುದನ್ನು ನಿಷೇಧಿಸುತ್ತದೆ. ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಇಂಥ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಇಂಜೆಕ್ಟರ್ ಬದಲಿಸುವುದೇ ಸಾಧನ ಕಿತ್ತಂತೆ ಅಲ್ಲ ಎಂದು ವ್ಯಾಪಾರಿಗಳು ವಾದಿಸುತ್ತಾರೆ. ಆದರೆ 2007ರ ನಂತರದ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ದೊಡ್ಡ ನಾಜಲ್ ಉಗುಳುವ ಮಸಿ ಅದನ್ನು ಬೇಗ ತುಂಬಿಸುತ್ತದೆ, ಫಿಲ್ಟರ್ ಕಿತ್ತುಹಾಕುವ ಆಸೆ ಅಲ್ಲಿಂದಲೇ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಗೆ ಸಂಬಂಧಿಸಿದ ಬದಲಿ ಭಾಗಕ್ಕೆ ರಾಜ್ಯದ ಗಾಳಿ ಮಂಡಳಿಯ ವಿನಾಯಿತಿ ಸಂಖ್ಯೆ ಇರಬೇಕು.

ಈ ನಡುವೆ ಕಾರ್ಖಾನೆಗಳೇ ಮುಂದೆ ಹೋಗಿವೆ. 2017ರ ಡ್ಯೂರಾಮ್ಯಾಕ್ಸ್ ಡೆನ್ಸೊ ಪಂಪಿನೊಂದಿಗೆ 445 ಅಶ್ವಶಕ್ತಿ ಕೊಟ್ಟಿತು, ಟ್ಯಾಂಕಿನೊಳಗೆ ಲಿಫ್ಟ್ ಪಂಪನ್ನೂ ಇಟ್ಟಿತು. 2019ರ ರ‍್ಯಾಮ್‌ನಲ್ಲಿ ಕಮಿನ್ಸ್ 6.7 ಲೀಟರ್ ಎಂಜಿನ್ನಿನ ತಿರುಚುಬಲ 1,356 ನ್ಯೂಟನ್ ಮೀಟರ್ ಮುಟ್ಟಿತು, 2023ರ ಫೋರ್ಡ್ 500 ಅಶ್ವಶಕ್ತಿಗೆ ಬಂದಿತು. ಇವುಗಳಲ್ಲಿ ಇಂಜೆಕ್ಟರ್, ಟರ್ಬೊ, ರೇಡಿಯೇಟರ್, ಗೇರ್‌ಬಾಕ್ಸ್ ನಾಲ್ಕೂ ಒಟ್ಟಿಗೆ ಬೆಳೆದಿವೆ. ಎಳೆತಕ್ಕೆಂದು ಹೊಸ ಇಂಜೆಕ್ಟರ್ ಹುಡುಕುವವರು ಈಗ ಹೆಚ್ಚಾಗಿ 2001ರಿಂದ 2010ರ ನಡುವಿನ ಗಾಡಿಗಳನ್ನು ಉಳಿಸಿಕೊಂಡವರು, ಅವರಿಗೆ ಸಿಗುವುದು ಬಹುತೇಕ ಬಿಚ್ಚಿ ಮರುಜೋಡಿಸಿದ ಹಳೆಯ ಬಾಡಿಗಳು. ಅಂಥದ್ದರಲ್ಲಿ ನಾಜಲ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಒಳಗಿನ ಕಂಟ್ರೋಲ್ ವಾಲ್ವ್ ಮತ್ತು ಅದರ ಗುಂಡಿನ ಸೀಟು ಹೊಸದೋ, ಉಜ್ಜಿ ಹೊಳಪು ಕೊಟ್ಟ ಹಳೆಯದೋ ಎಂದು ಮೊದಲು ವಿಚಾರಿಸಬೇಕು.